ಅಭಯವಿದ್ದಲ್ಲಿ ಸತ್ಯ

ಅನ್ಯರ ತಪ್ಪನ್ನು ಎತ್ತಿ ಆಡುವುದು ಎಷ್ಟು ಸುಲಭವೋ, ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವುದು ಅಷ್ಟೇ ಕಠಿಣ. ಗದ್ದುಗೆಯ ಮೇಲೆ ಕುಳಿತು ವ್ಯಾಪಾರ ಮಾಡುವವನ ತಪ್ಪು ಹೆಚ್ಚೆಂದರೆ ಹಣವನ್ನು ಕೇಳುತ್ತದೆ. ಆಕಾಶದಲ್ಲಿ ವಿಮಾನ ನಡೆಸುವವನ ತಪ್ಪು ಪ್ರಾಣವನ್ನು ಕೇಳುತ್ತದೆ. ಅಷ್ಟಾದರೂ ಬಚ್ಚಿಡುವ ಬುದ್ಧಿ ಇಬ್ಬರಲ್ಲಿಯೂ ಒಂದೇ. ಈ ಬುದ್ಧಿಯನ್ನು ಗೆಲ್ಲುವ ದಾರಿ ಯಾವುದೆಂಬುದನ್ನು ಶಿವಮೊಗ್ಗ-ಭದ್ರಾವತಿಗಳ ಒಂದು ಕುಟುಂಬದಲ್ಲಿ ನಡೆದ ಸಂಗತಿಯಿಂದ ತಿಳಿಯಬಹುದು.

ಶಿವಮೊಗ್ಗದ ಗಾಂಧಿಬಜಾರಿನಲ್ಲಿ ಒಬ್ಬ ಹಿರಿಯ ಜವಳಿ ವರ್ತಕರಿದ್ದಾರೆ. ಅವರ ತಂಗಿಯನ್ನು ಭದ್ರಾವತಿಗೆ ಕೊಟ್ಟಿದೆ. ಹಿಂದೆ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಆ ಊರಿನಲ್ಲಿ 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯಲ್ಲಿ ತಂಗಿಯ ಯಜಮಾನರು ಬಹುಕಾಲ ಸೇವೆ ಸಲ್ಲಿಸಿ ನಿವೃತ್ತರಾದರು. ಇವರ ಮಗ ಬೆಂಗಳೂರಿನಲ್ಲಿ ಇಂಜಿನಿಯರು. ಉದ್ಯೋಗ ಇಂಜಿನಿಯರಿಂಗಾದರೂ ಅವನ ಮನಸ್ಸು ಬಾಲ್ಯದಿಂದಲೂ ಆಕಾಶದಲ್ಲಿ. ಉಳಿತಾಯದ ಹಣದಲ್ಲಿ ವಿಮಾನ ಚಾಲನೆ ಕಲಿತು, ಖಾಸಗಿ ಚಾಲಕನ ಪರವಾನಗಿ ಪಡೆದು, ರಜಾದಿನಗಳಲ್ಲಿ ಇಬ್ಬರು ಕುಳಿತುಕೊಳ್ಳಬಹುದಾದ ಸಣ್ಣ ವಿಮಾನವನ್ನು ನಡೆಸುತ್ತಾನೆ. ಈ ಪರವಾನಗಿಯುಳ್ಳವರು ವಿಮಾನ ನಡೆಸಿ ಸಂಬಳ ಪಡೆಯುವಂತಿಲ್ಲ. ಹವ್ಯಾಸಕ್ಕಾಗಿ, ಆನಂದಕ್ಕಾಗಿ ಮಾತ್ರ ಅವರ ಹಾರಾಟ.

2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಎರಡೂ ಊರಿನ ಜನ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿದರು. ವರ್ತಕರೂ ನೋಡಿದರು. ಮುಂದೊಮ್ಮೆ ಅಳಿಯ ಬಂದಾಗ, “ಅಷ್ಟು ದೊಡ್ಡ ಯಂತ್ರ ಅಷ್ಟು ನಿಶ್ಚಿಂತೆಯಿಂದ ಇಳಿಯುತ್ತದಲ್ಲಪ್ಪ, ಆ ಚಾಲಕರು ತಪ್ಪೇ ಮಾಡುವುದಿಲ್ಲವೇ?” ಎಂದು ಕೇಳಿದರು. “ಮಾಡುತ್ತಾರೆ ಮಾವ. ಮಾಡಿದ್ದನ್ನು ಹೇಳುತ್ತಾರೆ. ಅದರಿಂದಲೇ ನಿಶ್ಚಿಂತೆ” ಎಂದು ಅವನು ಉತ್ತರಿಸಿದ. ಉತ್ತರ ಕೊಟ್ಟವನ ಮುಖ ಮಾತ್ರ ಏಕೋ ಕಂದಿತು. ಕಾರಣ ತಿಳಿಯಲು ಕೆಲವು ತಿಂಗಳುಗಳೇ ಬೇಕಾದವು.

ಹವ್ಯಾಸಿ ವೈಮಾನಿಕರ ಪರಂಪರೆ ನಮ್ಮ ದೇಶದಲ್ಲಿ ಹೊಸದೇನಲ್ಲ. ಜೆ.ಆರ್.ಡಿ. ಟಾಟಾ ಅವರು 1929ರ ಫೆಬ್ರವರಿ 10ರಂದು ಭಾರತದಲ್ಲಿ ನೀಡಲಾದ ಮೊದಲನೆಯ ಚಾಲಕ ಪರವಾನಗಿಯನ್ನು ಪಡೆದರು. ಭಾರತ ಮತ್ತು ಇಂಗ್ಲೆಂಡುಗಳ ನಡುವೆ ಒಬ್ಬನೇ ಹಾರಿ ಮುಟ್ಟುವ ಮೊದಲ ಭಾರತೀಯನಿಗೆ ಆಗಾಖಾನರು ಬಹುಮಾನ ಘೋಷಿಸಿದಾಗ, 1930ರಲ್ಲಿ ಟಾಟಾ ಇಲ್ಲಿಂದ ಹೊರಟರು. ಆಸ್ಪಿ ಇಂಜಿನಿಯರ್ ಎಂಬ ತರುಣ ಅಲ್ಲಿಂದ ಹೊರಟ. ಈಜಿಪ್ಟಿನ ಅಬೂಕೀರಿನಲ್ಲಿ ಇಬ್ಬರೂ ಸಂಧಿಸಿದರು. ಆಸ್ಪಿಯ ವಿಮಾನ ಸ್ಪಾರ್ಕ್ ಪ್ಲಗ್ಗಿಲ್ಲದೆ ನಿಂತಿತ್ತು. ಟಾಟಾ ತಮ್ಮಲ್ಲಿದ್ದ ಹೆಚ್ಚಿನ ಪ್ಲಗ್ಗನ್ನು ಪ್ರತಿಸ್ಪರ್ಧಿಗೆ ಕೊಟ್ಟರು. ಬಹುಮಾನ ಆಸ್ಪಿಗೆ ಸಂದಿತು. ಮುಂದೆ ಇದೇ ಆಸ್ಪಿ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು. ಆಕಾಶದಲ್ಲಿ ಸ್ಪರ್ಧೆಗಿಂತ ಸಹಯಾತ್ರಿಕನ ಕ್ಷೇಮ ದೊಡ್ಡದೆಂಬ ನೀತಿ ಹೀಗೆ ಮೊದಲಿನಿಂದಲೇ ಬಂದಿದೆ. ಆದರೆ ಪ್ಲಗ್ಗನ್ನು ಕೊಡುವುದಕ್ಕಿಂತ ಕಷ್ಟವಾದ ಇನ್ನೊಂದು ಕೊಡುಗೆಯಿದೆ. ಅದು ತನ್ನ ತಪ್ಪಿನ ಅನುಭವವನ್ನು ಕೊಡುವುದು.

ಅಳಿಯ ಮತ್ತು ಅವನಂಥ ಹದಿನೈದು-ಇಪ್ಪತ್ತು ಮಂದಿ ಹವ್ಯಾಸಿಗಳು ಸೇರಿ ಒಂದು ಸ್ನೇಹಕೂಟ ಕಟ್ಟಿಕೊಂಡಿದ್ದರು. ವೈದ್ಯರು, ಕಾಫಿ ತೋಟದವರು, ಸೈನ್ಯದಿಂದ ನಿವೃತ್ತರಾದವರು, ಆಗತಾನೆ ಕಲಿತ ಹುಡುಗರು, ಹೀಗೆ ನಾನಾ ಬಗೆಯ ಜನ. ತಿಂಗಳಿಗೊಮ್ಮೆ ಮೈದಾನದ ಬದಿಯ ಮರದ ನೆರಳಿನಲ್ಲಿ ಸೇರಿ ಹವೆ, ಎಂಜಿನ್ನು, ಹೊಸ ನಿಯಮಗಳ ವಿಚಾರ ಮಾತನಾಡುವುದು ವಾಡಿಕೆ. ಸಂಚಾಲಕನ ಹೊಣೆ ಅಳಿಯನದು. ಯಾರು ಮೊದಲು ಮಾತನಾಡಬೇಕು, ಯಾವ ಮಾತನ್ನು ತಡೆಯಬೇಕು, ಯಾವುದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂಬುದನ್ನು ನಿರ್ಧರಿಸುವವನು ಅವನೇ.

ಒಂದು ತಿಂಗಳ ಸಭೆಯಲ್ಲಿ ಎಲ್ಲರಿಗಿಂತ ಕಿರಿಯ ಸದಸ್ಯನೊಬ್ಬ ಎದ್ದು ನಿಂತು ತನ್ನ ತಪ್ಪನ್ನು ಹೇಳಿಕೊಂಡ. ಸಣ್ಣ ವಿಮಾನಗಳಲ್ಲಿ ಇಂಧನ ತೋರಿಸುವ ಮುಳ್ಳನ್ನು ಪೂರ್ಣವಾಗಿ ನಂಬಬಾರದು. ಹಾರುವ ಮುನ್ನ ಟ್ಯಾಂಕಿನೊಳಗೆ ಅಳತೆಯ ಕೋಲನ್ನು ಅದ್ದಿ ಕಣ್ಣಾರೆ ನೋಡಬೇಕೆಂಬುದು ಮೊದಲ ಪಾಠ. ಆ ಬೆಳಿಗ್ಗೆ ಹೊತ್ತಾಗುತ್ತಿತ್ತು. ಮುಳ್ಳು ಅರ್ಧ ಟ್ಯಾಂಕನ್ನು ತೋರಿಸುತ್ತಿತ್ತು. ಕೋಲು ಅದ್ದದೆ ಅವನು ಹೊರಟ. ಹಿಂತಿರುಗಿ ಇಳಿದ ಮೇಲೆ ಅನುಮಾನ ಬಂದು ನೋಡಿದರೆ ಕೋಲಿನ ತುದಿ ಮಾತ್ರ ಒದ್ದೆಯಾಯಿತು. ಇನ್ನು ಸ್ವಲ್ಪ ಹೊತ್ತು ಮೇಲಿದ್ದಿದ್ದರೆ ಎಂಜಿನ್ನು ನಿಲ್ಲುತ್ತಿತ್ತು.

ಅವನ ಧ್ವನಿ ನಡುಗುತ್ತಿತ್ತು. ಇಬ್ಬರು ನಕ್ಕರು. ಒಬ್ಬ ಹಿರಿಯರು, “ಇಂಥವರಿಂದಲೇ ನಮಗೆಲ್ಲ ಕೆಟ್ಟ ಹೆಸರು. ಅಧಿಕಾರಿಗಳಿಗೆ ಬರೆದು ಪರವಾನಗಿ ತೆಗೆಸಬೇಕು” ಎಂದರು. ಸಂಚಾಲಕ ಸುಮ್ಮನಿದ್ದ. ಮುಂದಿನ ತಿಂಗಳು ಆ ಹುಡುಗ ಸಭೆಗೆ ಬರಲಿಲ್ಲ.

ಸಂಚಾಲಕ ಸುಮ್ಮನಿದ್ದುದಕ್ಕೆ ಕಾರಣವಿತ್ತು. ಅದೇ ವಿಮಾನದ ಅದೇ ಮುಳ್ಳು ಅರ್ಧದಲ್ಲಿ ಸಿಕ್ಕಿಕೊಳ್ಳುವುದನ್ನು ಅವನು ಒಂದು ವರ್ಷದ ಹಿಂದೆಯೇ ಕಂಡಿದ್ದ. ಅವನೂ ಒಮ್ಮೆ ಕೋಲು ಅದ್ದದೆ ಹಾರಿ, ಬರಿದಾಗುತ್ತ ಬಂದ ಟ್ಯಾಂಕಿನೊಡನೆ ಇಳಿದಿದ್ದ. ನಾಲ್ಕು ಜನಕ್ಕೆ ಬುದ್ಧಿ ಹೇಳುವ ಸ್ಥಾನದಲ್ಲಿದ್ದವನು ತಾನೇ ಮೊದಲ ಪಾಠ ತಪ್ಪಿದೆನೆಂದು ಹೇಗೆ ಹೇಳುವುದು? ಇಂಧನ ತುಂಬಿಸಿ ಮನೆಗೆ ಹೋಗಿದ್ದ, ಮೆಕ್ಯಾನಿಕನಿಗೂ ತಿಳಿಸಿರಲಿಲ್ಲ. ಅಂದು ಅವನು ನುಂಗಿದ ಮಾತು ಇಂದು ಹುಡುಗನ ಪ್ರಾಣಕ್ಕೆ ಎರವಾಗುವುದರಲ್ಲಿತ್ತು.

ಆ ಭಾನುವಾರ ಅವನು ಶಿವಮೊಗ್ಗದ ಅಂಗಡಿಗೆ ಬಂದು ಸೋದರಮಾವನ ಎದುರು ಎಲ್ಲವನ್ನೂ ಹೇಳಿದ. ಜೊತೆಗೆ, ಎಲ್ಲ ವೈಮಾನಿಕರೂ ಓದಿರುವ ಒಂದು ಹಳೆಯ ದುರಂತವನ್ನೂ ವಿವರಿಸಿದ. 1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಸಮೀಪದ ಡಲ್ಲಸ್ ನಿಲ್ದಾಣದತ್ತ ಬರುತ್ತಿದ್ದ ಟಿ.ಡಬ್ಲ್ಯು.ಎ. ಸಂಸ್ಥೆಯ ವಿಮಾನವೊಂದಕ್ಕೆ, ಇಳಿಯುವ ಮಾರ್ಗಕ್ಕೆ ಅನುಮತಿಯಿದೆಯೆಂಬ ಮಾತು ನೆಲದಿಂದ ಬಂತು. ಕೂಡಲೆ 1,800 ಅಡಿಗೆ ಇಳಿಯಬಹುದೆಂದು ಚಾಲಕರು ಅರ್ಥ ಮಾಡಿಕೊಂಡರು. ಬೆಟ್ಟ ದಾಟುವವರೆಗೆ ಅವರು ಎತ್ತರದಲ್ಲಿಯೇ ಇರುವರೆಂದು ನೆಲದವರು ಭಾವಿಸಿದರು. ವಿಮಾನ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 92 ಮಂದಿಯೂ ಸತ್ತರು. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಇನ್ನೂ ದಾರುಣವಾದುದು. ಸುಮಾರು ಆರು ವಾರಗಳ ಹಿಂದೆ ಬೇರೊಂದು ಸಂಸ್ಥೆಯ ವಿಮಾನ ಅದೇ ಮಾತನ್ನು ಅದೇ ರೀತಿ ತಪ್ಪು ತಿಳಿದು, ಅದೇ ಬೆಟ್ಟಕ್ಕೆ ಕೂದಲೆಳೆಯಲ್ಲಿ ತಗಲದೆ ಪಾರಾಗಿತ್ತು. ಆ ಚಾಲಕರು ತಮ್ಮ ಸಂಸ್ಥೆಗೆ ವರದಿ ಮಾಡಿದ್ದರು. ಸಂಸ್ಥೆ ತನ್ನ ಚಾಲಕರನ್ನಷ್ಟೇ ಎಚ್ಚರಿಸಿತ್ತು. ಮಾತು ಆ ಮನೆಯ ಹೊಸಿಲು ದಾಟಲಿಲ್ಲ.

ಇದಾದ ಮೇಲೆ ಆ ದೇಶದ ವಿಮಾನಯಾನ ಇಲಾಖೆ, ಚಾಲಕರು ತಮ್ಮ ತಪ್ಪುಗಳನ್ನು ತನಗೆ ಬರೆದು ತಿಳಿಸಬೇಕೆಂದು 1975ರಲ್ಲಿ ಕೇಳಿಕೊಂಡಿತು. ದಂಡಿಸುವ ಕೈಗೇ ತಪ್ಪಿನ ಚೀಟಿ ಕೊಡಲು ಯಾರಿಗೆ ಧೈರ್ಯ? ಆದುದರಿಂದ 1976ರಲ್ಲಿ ಆ ಹೊಣೆಯನ್ನು ದಂಡಿಸುವ ಅಧಿಕಾರವೇ ಇಲ್ಲದ ನಾಸಾ ಸಂಸ್ಥೆಗೆ ಒಪ್ಪಿಸಲಾಯಿತು. ಬಂದ ವರದಿಯಿಂದ ಹೆಸರು, ಗುರುತುಗಳನ್ನು ತೆಗೆದುಹಾಕಿ, ಅದರಲ್ಲಿರುವ ಪಾಠವನ್ನಷ್ಟೇ ಎಲ್ಲರಿಗೂ ಹಂಚುವುದು ಅದರ ಕ್ರಮ. ಹತ್ತು ದಿನದೊಳಗೆ ತಾನಾಗಿ ಹೇಳಿಕೊಂಡವನಿಗೆ, ತಪ್ಪು ಉದ್ದೇಶಪೂರ್ವಕವಲ್ಲದಿದ್ದರೆ, ಅಪರಾಧ ಇಲ್ಲವೆ ಅಪಘಾತದ ಪ್ರಕರಣವೂ ಆಗಿರದಿದ್ದರೆ, ದಂಡನೆಯಿಂದ ರಕ್ಷಣೆ ದೊರೆಯುವ ಏರ್ಪಾಡೂ ಉಂಟು. ಅಂದಿನಿಂದ ಬಂದ ವರದಿಗಳು ಲಕ್ಷಗಟ್ಟಲೆ. ಭಯವನ್ನು ತೆಗೆದ ಕೂಡಲೆ ಸತ್ಯ ತಾನಾಗಿ ಬಂತು.

ವರ್ತಕರು ಎಲ್ಲವನ್ನೂ ಕೇಳಿದರು. ಉಪದೇಶ ಮಾಡಲಿಲ್ಲ. ಎದ್ದು ಒಳಗೆ ಹೋಗಿ, ಸುಮಾರು ಮೂವತ್ತು ವರ್ಷ ಹಳೆಯ ಒಂದು ಖಾತೆ ಪುಸ್ತಕವನ್ನು ತಂದು ಹಾಳೆ ತಿರುವಿದರು. ಒಂದೇ ಹೆಸರಿನ ಇಬ್ಬರು ಗಿರಾಕಿಗಳಿದ್ದರು. ಭದ್ರಾವತಿಯ ಗಿರಾಕಿ ಕಟ್ಟಿದ ಹಣವನ್ನು ವರ್ತಕರು ತಮ್ಮ ಕೈಯಿಂದಲೇ ಇನ್ನೊಬ್ಬನ ಖಾತೆಗೆ ಜಮಾ ಬರೆದಿದ್ದರು. ಕೊಟ್ಟವನ ಮನೆಗೆ ಮೂರು ಬಾರಿ ವಸೂಲಿಗೆ ಆಳು ಕಳಿಸಿದ್ದರು. ಅವನು ನೊಂದು ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದ. ವರ್ಷದ ಕೊನೆಗೆ ಲೆಕ್ಕ ತಾಳೆ ನೋಡುವಾಗ ತಪ್ಪು ತಿಳಿಯಿತು. ಲೆಕ್ಕ ಶಾಸ್ತ್ರದಲ್ಲಿ ಬರೆದುದನ್ನು ಕೆರೆದು ಅಳಿಸುವಂತಿಲ್ಲ. ತಪ್ಪು ಇದ್ದಂತೆಯೇ ಇರಬೇಕು, ಅದನ್ನು ಸರಿಪಡಿಸುವ ಹೊಸ ನಮೂದನ್ನು ಬರೆಯಬೇಕು. ಆ ನಮೂದಿನ ಕೆಳಗೆ ‘ಯಜಮಾನರ ಕಣ್ತಪ್ಪು’ ಎಂದು ಅವರದೇ ಅಕ್ಷರದಲ್ಲಿತ್ತು.

“ಇದನ್ನು ಗುಮಾಸ್ತನ ಎದುರಿಗೇ ಬರೆದೆ. ಭದ್ರಾವತಿಗೆ ಹೋಗಿ ಆ ಮನೆಯವರಲ್ಲಿ ಕ್ಷಮೆ ಕೇಳಿಕೊಂಡು ಬಂದೆ. ಮುಂದಿನ ವಾರ ಗುಮಾಸ್ತ ತಾನಾಗಿ ಬಂದು ತನ್ನ ಮೂರು ತಪ್ಪು ತೋರಿಸಿದ. ಅದಕ್ಕೆ ಮೊದಲಿನ ಹತ್ತು ವರ್ಷದಲ್ಲಿ ಒಂದನ್ನೂ ತೋರಿಸಿರಲಿಲ್ಲ” ಎಂದು ಹೇಳಿ ಪುಸ್ತಕ ಮುಚ್ಚಿದರು.

ಅಳಿಯ ಅಂದು ರಾತ್ರಿ ಭದ್ರಾವತಿಯಲ್ಲಿ ತಂದೆಗೂ ವಿಷಯ ತಿಳಿಸಿದ. ಕುಲುಮೆಯ ಎದುರು ಆಯುಷ್ಯ ಕಳೆದ ಅವರು ಒಂದೇ ಮಾತು ಆಡಿದರು: “ಬೆಂಕಿ ಕಂಡವನು ಕೂಗಬೇಕು. ಕೂಗಿದವನನ್ನೇ ಹೊಡೆದರೆ ಮುಂದಿನ ಸಲ ಯಾರೂ ಕೂಗುವುದಿಲ್ಲ.”

ಮುಂದಿನ ಸಭೆಗೆ ಮೊದಲು ಅವನು ಆ ಹುಡುಗನ ಮನೆಗೆ ಹೋಗಿ ಕರೆದುಕೊಂಡು ಬಂದ. ಸಭೆಯಲ್ಲಿ ತಾನೇ ಮೊದಲು ಎದ್ದು, ಒಂದು ವರ್ಷದ ಹಿಂದಿನ ತನ್ನ ತಪ್ಪನ್ನೂ, ಅದನ್ನು ಬಚ್ಚಿಟ್ಟ ಎರಡನೆಯ ತಪ್ಪನ್ನೂ ಹೇಳಿ, ಸಂಚಾಲಕತ್ವವನ್ನು ಬಿಟ್ಟುಕೊಡಲು ಸಿದ್ಧನೆಂದ. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಎದ್ದವರು, ಹುಡುಗನ ಪರವಾನಗಿ ತೆಗೆಸಬೇಕೆಂದಿದ್ದ ಆ ಹಿರಿಯರೇ. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲವನ್ನು ನೋಡದೆ, ಬೆನ್ನ ಹಿಂದಿನ ಗಾಳಿಯಲ್ಲಿಯೇ ಇಳಿದು, ಓಡುದಾರಿ ಮುಗಿದರೂ ನಿಲ್ಲದೆ ಹೋದ ತಮ್ಮ ಹಳೆಯ ಕಥೆಯನ್ನು ಅವರು ಮೊದಲ ಬಾರಿಗೆ ಹೇಳಿದರು. ಹುಡುಗನ ಕಡೆ ತಿರುಗಿ ಕೈಮುಗಿದರು. ಸಂಚಾಲಕನನ್ನು ಬದಲಾಯಿಸುವ ಮಾತನ್ನು ಯಾರೂ ಎತ್ತಲಿಲ್ಲ.

ಕೆಟ್ಟ ಮುಳ್ಳನ್ನು ಬದಲಾಯಿಸಲಾಯಿತು. ಕೋಲು ಅದ್ದದೆ ಎಂಜಿನ್ನು ಚಾಲೂ ಮಾಡಬಾರದೆಂಬ ಚೀಟಿ ಚಾಲಕನ ಕಣ್ಣೆದುರಿಗೆ ಬಂತು. ಕೂಟದ ಪುಸ್ತಕದಲ್ಲಿ ಅಂದಿನಿಂದ ಹೇಳಿದವರ ಹೆಸರನ್ನಾಗಲಿ, ವಿಮಾನದ ನೋಂದಣಿ ಅಕ್ಷರಗಳನ್ನಾಗಲಿ ಬರೆಯುವುದಿಲ್ಲ. ಏನಾಯಿತು, ಏಕೆ ಆಯಿತು, ಮುಂದೆ ಏನು ಮಾಡಬೇಕು ಎಂಬ ಮೂರನ್ನು ಮಾತ್ರ ಬರೆಯುತ್ತಾರೆ.

ಎಲ್ಲವನ್ನೂ ಕ್ಷಮಿಸುವುದೇ ಧರ್ಮವೆಂದು ಇದರಿಂದ ತಿಳಿಯಬಾರದು. ಅದೇ ಕೂಟದಲ್ಲಿ ಒಬ್ಬರು ಬಂಧುವೊಬ್ಬರ ಮದುವೆಯ ಚಪ್ಪರದ ಮೇಲೆ ಬೇಕೆಂದೇ ತೀರ ಕೆಳಗೆ ಹಾರಿ, ಅದನ್ನು ಹೆಮ್ಮೆಯಿಂದ ಬಣ್ಣಿಸಿದರು. ಎಚ್ಚರಿಸಿದಾಗ ನಕ್ಕರು. ಅವರನ್ನು ಕೂಟದಿಂದ ಬಿಡಿಸಲಾಯಿತು. ಎಚ್ಚರ ತಪ್ಪಿ ನಡೆದುದು ಪ್ರಮಾದ; ತಿಳಿದೂ ತಿಳಿದೂ ಪರರ ಪ್ರಾಣದೊಡನೆ ಆಡುವುದು ಉದ್ಧಟತನ. ಮೊದಲನೆಯದಕ್ಕೆ ಆಶ್ರಯ ಕೊಡದಿದ್ದರೆ ಸತ್ಯ ಅಡಗುತ್ತದೆ. ಎರಡನೆಯದಕ್ಕೆ ಆಶ್ರಯ ಕೊಟ್ಟರೆ ಅಮಾಯಕರು ಸಾಯುತ್ತಾರೆ. ಈ ಎರಡರ ಗಡಿಯನ್ನು ಕಾಯುವುದೇ ಸಂಚಾಲಕನಾದವನ ನಿಜವಾದ ಕೆಲಸ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ವಾಚಕರು ಬಲ್ಲರು. ಮೊದಲ ಮೂರಕ್ಕೆ ಅನ್ನವೋ ಹಣವೋ ವಿದ್ಯೆಯೋ ಬೇಕು. ಅಭಯದಾನಕ್ಕೆ ಬೇಕಾದುದು ಇವಾವುದೂ ಅಲ್ಲ. ಹೇಳಿಕೊಳ್ಳಲು ಬಂದವನ ಎದುರು ನಗದಿರುವುದು, ಅವನ ಹೆಸರನ್ನು ಮಾರದಿರುವುದು, ಅವನಿಗಿಂತ ಮೊದಲು ತನ್ನ ತಪ್ಪನ್ನು ಹೇಳುವುದು, ಇಷ್ಟಿದ್ದರೆ ಸಾಕು. ಮನೆಯಲ್ಲಿ ಮಗ, ಅಂಗಡಿಯಲ್ಲಿ ಗುಮಾಸ್ತ, ಕಾರ್ಖಾನೆಯಲ್ಲಿ ಕೆಲಸಗಾರ, ಹೀಗೆ ಎಷ್ಟೋ ಮಂದಿ ಹೇಳಬೇಕಾದ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಹಿರಿಯರ ಮುಖವನ್ನು ನೋಡುತ್ತ ನಿಂತಿರುತ್ತಾರೆ. ಆ ಮಾತು ಹೊರಬರುವುದೋ ಒಳಗೇ ಉಳಿಯುವುದೋ ಎಂಬುದು ಆ ಹಿರಿಯರ ಮುಖದಲ್ಲಿ ಅವರು ಕಾಣುವುದರ ಮೇಲೆ ನಿಂತಿದೆ.