ಕುಂಬ್ರದಲ್ಲಿ ಎಡಕ್ಕೆ ತಿರುಗಿದರೆ

ಪುತ್ತೂರಿನಿಂದ ಪೂರ್ವಕ್ಕೆ ಹೊರಟ ಸೈಕಲ್ಲಿಗೆ ಸಪಾಟು ರಸ್ತೆ ಎಂಬುದು ಸಿಗುವುದೇ ಇಲ್ಲ. ಗುಡ್ಡ ಹತ್ತಬೇಕು, ಬೈಲಿಗೆ ಇಳಿಯಬೇಕು, ತೋಡಿನ ಮೋರಿ ದಾಟಬೇಕು, ದಾಟಿದ ಕೂಡಲೇ ಮತ್ತೆ ಹತ್ತಬೇಕು. ಪುತ್ತೂರೂ ಸುಳ್ಯವೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವ ಊರುಗಳು, ಎರಡೂ 100 ಮೀಟರಿನ ಆಸುಪಾಸು. ಭೂಪಟ ನೋಡಿದವರಿಗೆ ನಡುವಿನ ಸುಮಾರು 35 ಕಿಲೋಮೀಟರು ಸಲೀಸು ಅನ್ನಿಸೀತು. ತುಳಿದವರ ತೊಡೆಗಳ ಲೆಕ್ಕವೇ ಬೇರೆ. ಹಾಗೆಂದು ಯಾವ ಏರೂ ಜೀವ ಹಿಂಡುವಷ್ಟು ಉದ್ದವಿಲ್ಲ. ಇನ್ನು ಸಾಕಪ್ಪಾ ಅನ್ನುವಷ್ಟರಲ್ಲಿ ಗುಡ್ಡದ ನೆತ್ತಿ ಬಂದಿರುತ್ತದೆ, ಗಾಳಿ ಮುಖಕ್ಕೆ ಬಡಿಯುತ್ತದೆ, ಚಕ್ರ ತಾನಾಗಿ ಓಡುತ್ತದೆ. ಸೈಕಲ್ ಸವಾರಿಗೆ ಇದಕ್ಕಿಂತ ಒಳ್ಳೆಯ ನೆಲ ನಮ್ಮ ರಾಜ್ಯದಲ್ಲಿ ಇನ್ನೊಂದಿದೆ ಎಂದು ನಾನು ನಂಬುವುದಿಲ್ಲ.

ನೆಲ ಹೀಗಾದದ್ದಕ್ಕೆ ಮಳೆ ಮತ್ತು ಮುರಕಲ್ಲು ಕಾರಣ. ವರ್ಷಕ್ಕೆ 4,000 ಮಿಲಿಮೀಟರಿನ ಹತ್ತಿರ ಸುರಿಯುವ ಮಳೆ ಈ ಕೆಂಪುಕಲ್ಲಿನ ಗುಡ್ಡಗಳನ್ನು ಯುಗಯುಗಗಳಿಂದ ಕೊರೆಯುತ್ತ ಬಂದಿದೆ. ಕೊರೆದಲ್ಲೆಲ್ಲ ತೋಡು, ತೋಡಿದ್ದಲ್ಲೆಲ್ಲ ಬೈಲು. ನೆತ್ತಿಯಲ್ಲಿ ಮುಳಿಹುಲ್ಲು, ಗೇರು, ಈಗೀಗ ರಬ್ಬರು, ಇಳಿಜಾರಿನಲ್ಲಿ ಮನೆ, ಕೆಳಗೆ ನೀರಿರುವಲ್ಲಿ ಅಡಿಕೆ ತೋಟ, ಅಪರೂಪಕ್ಕೆ ಉಳಿದುಕೊಂಡ ಗದ್ದೆ. ಒಂದು ಬೈಲಿನವರು ಇನ್ನೊಂದು ಬೈಲಿಗೆ ಹೋಗಲೇಬೇಕಾದ್ದರಿಂದ ರಸ್ತೆಗೆ ಗುಡ್ಡದ ಹೆಗಲು ಹತ್ತಿ ಇಳಿಯದೆ ಗತಿಯಿಲ್ಲ. ಪುತ್ತೂರು ಕಡೆಯ ಬಹುಪಾಲು ನೀರು ಕುಮಾರಧಾರೆಗೆ, ಉಪ್ಪಿನಂಗಡಿಯ ಸಂಗಮದ ನಂತರ ನೇತ್ರಾವತಿಯ ಜತೆ ಮಂಗಳೂರಿಗೆ. ಸುಳ್ಯದ ನೀರು ಪಯಸ್ವಿನಿಗೆ, ಅಲ್ಲಿಂದ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿನ ಕಡಲಿಗೆ. ನಡುವೆ ಎಲ್ಲೋ ಒಂದು ಏರಿನ ತುದಿಯಲ್ಲಿ ಉಸಿರು ಬಿಡುತ್ತ ನಿಂತಾಗ ನಾವು ಒಂದು ನದಿಯ ಸೀಮೆ ಬಿಟ್ಟು ಇನ್ನೊಂದರ ಸೀಮೆಗೆ ಕಾಲಿಟ್ಟಿರುತ್ತೇವೆ. ಕಾರಿನಲ್ಲಿ ಕೂತವರಿಗೆ ಅದು ತಿಳಿಯುವ ಸಂಗತಿಯಲ್ಲ.

ಮಾಣಿಯಿಂದ ಮೈಸೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275 ಪುತ್ತೂರು, ಸುಳ್ಯ, ಸಂಪಾಜೆಗಳನ್ನು ಪೋಣಿಸಿಕೊಂಡು ಮಡಿಕೇರಿ ಘಾಟಿಗೆ ಏರುತ್ತದೆ. ಒಳ್ಳೆಯ ರಸ್ತೆ, ಆದರೆ ಬಸ್ಸು ಲಾರಿಗಳದ್ದು. ಸೈಕಲಿನವರಿಗೆ ಅದು ಊರು ದಾಟುವ ತನಕ ಮಾತ್ರ. ದರ್ಬೆ, ಸಂಪ್ಯ ಕಳೆದು ಕುಂಬ್ರಕ್ಕೆ ಬಂದರೆ ಎಡಕ್ಕೆ ಬೆಳ್ಳಾರೆಯ ರಸ್ತೆ ಕವಲೊಡೆಯುತ್ತದೆ. ಅಲ್ಲಿಂದ ನಿಜವಾದ ಸವಾರಿ ಶುರು. ತಿಂಗಳಾಡಿ, ಪೆರುವಾಜೆ, ಬೆಳ್ಳಾರೆ. ತಿರುವಿನ ಮೇಲೆ ತಿರುವು, ಬರೆಯ ಮೇಲಿನಿಂದ ರಸ್ತೆಗೆ ಬಾಗಿದ ಮರಗಳು, ಪ್ರತಿ ಮೈಲಿಗೊಂದು ಗೂಡಂಗಡಿ, ಭಜನಾ ಮಂದಿರ, ಬಸ್ ತಂಗುದಾಣ.

ಡಿಸೆಂಬರಿನ ಬೆಳಗ್ಗೆ ಆರೂವರೆಗೆ ಈ ದಾರಿಯಲ್ಲಿ ಇಳಿಯುವುದೊಂದು ವಿಶೇಷ ಅನುಭವ. ರಾತ್ರಿಯಿಡೀ ತಣ್ಣಗಾದ ಗಾಳಿ ಗುಡ್ಡದಿಂದ ಜಾರಿ ಬೈಲಿನಲ್ಲಿ ಮಡುಗಟ್ಟಿರುತ್ತದೆ. ನೆತ್ತಿಯಲ್ಲಿ ಬೆಚ್ಚಗಿದ್ದ ಮೈ, ಇಳಿಯುತ್ತ ಇಳಿಯುತ್ತ ತೋಟದ ಅಂಚು ಮುಟ್ಟುವಾಗ ಕಿವಿ, ಮೂಗು, ಬೆರಳ ತುದಿ ಎಲ್ಲ ಜುಮ್ಮೆನ್ನುತ್ತದೆ. ಅಡಿಕೆ ಮರಗಳ ನಡುವೆ ಮಂಜು ಎದೆಯೆತ್ತರಕ್ಕೆ ನಿಂತಿರುತ್ತದೆ. ಸ್ಪ್ರಿಂಕ್ಲರಿನ ಚಿಟಿಕೆ ಸದ್ದು, ಒದ್ದೆ ಮಣ್ಣಿನ ವಾಸನೆ, ಕೊಳೆತ ಸೋಗೆಯ ವಾಸನೆ. ಮೋರಿ ದಾಟಿ ಮತ್ತೆ ಏರುವಾಗ ಚಳಿ ಒಂದೊಂದೇ ಪದರ ಕಳಚಿ ಮೈ ಮತ್ತೆ ಬೆಚ್ಚಗಾಗುತ್ತದೆ. ಕಣ್ಣು ಮುಚ್ಚಿದ್ದರೂ ಎಷ್ಟು ಕೆಳಗಿಳಿದೆ, ಎಷ್ಟು ಮೇಲೇರಿದೆ ಎಂದು ಚರ್ಮವೇ ಹೇಳುತ್ತದೆ.

ಸ್ವಲ್ಪ ಬಿಸಿಲೇರಿದರೆ ಅಂಗಳಗಳು ಕಾಣತೊಡಗುತ್ತವೆ. ರಸ್ತೆಯಿಂದ ಮೂರು ಆಳು ಕೆಳಗೆ ಒಂದು ಮನೆ, ಮುಂದೆ ಅಂಗಳದ ತುಂಬ ಅಡಿಕೆ. ಕೊಯ್ದು ವಾರ ಕಳೆಯದ್ದು ಕಿತ್ತಳೆ, ತಿಂಗಳು ಒಣಗಿದ್ದು ಕಂದು, ಅದರಾಚೆ ಬೂದುಬಣ್ಣಕ್ಕೆ ತಿರುಗಿದ್ದು. ಬರಿಗಾಲಿನ ಹೆಂಗಸೊಬ್ಬರು ಅಡಿಕೆಯ ನಡುವೆ ಪಾದ ಎಳೆಯುತ್ತ ಅತ್ತಿಂದಿತ್ತ ನಡೆಯುತ್ತಾರೆ. ಪಾದ ಹೋದಲ್ಲೆಲ್ಲ ಸಾಲು ಬೀಳುತ್ತದೆ, ತಳದ ಅಡಿಕೆ ಮೇಲೆ ಬರುತ್ತದೆ. ಗರಗರ ಎಂಬ ಆ ಸದ್ದು ರಸ್ತೆಗೆ ಕೇಳುತ್ತದೆ. ಬೈಕಿನವರಿಗೆ ಕೇಳುವುದಿಲ್ಲ, ಸೈಕಲಿನವರಿಗೆ ಕೇಳುತ್ತದೆ. ಕಾರಿಗಿಂತ ಸೈಕಲಿನ ಮೇಲೆ ಕೂತವರ ಕಣ್ಣು ಎತ್ತರದಲ್ಲಿರುತ್ತದೆ. ಪಾಗಾರದಾಚೆ ಯಾರ ಅಂಗಳದಲ್ಲಿ ಎಷ್ಟು ಅಡಿಕೆ, ಯಾರಲ್ಲಿ ಜಂಬ್ರದ ಚಪ್ಪರ ಎದ್ದಿದೆ ಎಲ್ಲ ಕಾಣುತ್ತದೆ.

ಇದೇ ಹೊತ್ತು ಹಾಲಿನ ಸೊಸೈಟಿಯ ಹೊತ್ತೂ ಹೌದು. ಕ್ಯಾನು ಹಿಡಿದು ನಿಂತವರ ಎದುರು ಗೇರ್ ಸೈಕಲ್, ತಲೆಗೆ ಹೆಲ್ಮೆಟ್ ಹಾಕಿದವನೊಬ್ಬ ಇಳಿದರೆ ಮಾತು ತಾನಾಗಿ ಹುಟ್ಟುತ್ತದೆ.

"ಎಂತ ಮಾರಾಯ್ರೆ, ಬೈಕ್ ಹಾಳಾಯ್ತಾ?"

"ಇಲ್ಲ ಅಜ್ಜ, ಇದರಲ್ಲೇ ಹೋಗ್ಬೇಕೂಂತ ಬಂದದ್ದು."

"ನಾವು ಇದೇ ದಾರಿಯಲ್ಲಿ ಪುತ್ತೂರಿನ ಸೋಮವಾರದ ಸಂತೆಗೆ ಹೋದವರು. ಹಿಂದೆ ಕ್ಯಾರಿಯರಿನಲ್ಲಿ ವೀಳ್ಯದೆಲೆಯ ಕಟ್ಟು. ಚಡಾವು ಬಂದರೆ ದೂಡುವುದು, ಇಳಿಯುವಾಗ ಹತ್ತುವುದು. ಆಗ ಗೇರೂ ಇಲ್ಲ, ಎಂತದೂ ಇಲ್ಲ. ಬ್ರೇಕು ಕೂಡ ಇದ್ದರೆ ಇತ್ತು."

ಈ ಅಜ್ಜನ ಪೀಳಿಗೆಗೆ ಸೈಕಲ್ ಎಂದರೆ ಹರ್ಕ್ಯುಲಿಸ್, ರಾಲಿ, ಅಟ್ಲಾಸ್. ಮೊದಲೆರಡು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್‌ಗಳಲ್ಲಿ ಹುಟ್ಟಿದ ಹೆಸರುಗಳು. ಆಮೇಲೆ ಹರ್ಕ್ಯುಲಿಸ್ ಮದರಾಸಿನಲ್ಲೇ ತಯಾರಾಯಿತು. ಆ ಸೈಕಲುಗಳ ತವರಿನಲ್ಲೂ ನೆಲ ನಮ್ಮದರ ಹಾಗೆಯೇ ಏರಿಳಿತದ್ದು. ಕಾಟ್ಸ್‌ವೋಲ್ಡ್ಸ್ ಎಂಬ ಗುಡ್ಡಸೀಮೆಯಲ್ಲಿ ಬೇಲಿಗಿಡಗಳ ನಡುವಿನ ಕಿರುದಾರಿಗಳನ್ನು ಅಲ್ಲಿನ ಸವಾರರು ಹೆದ್ದಾರಿ ಬಿಟ್ಟು ಹುಡುಕಿಕೊಂಡು ಹೋಗುತ್ತಾರೆ. 1878ರಲ್ಲೇ ಅವರು ಸೈಕಲ್ ಪ್ರವಾಸಿಗಳದ್ದೊಂದು ಸಂಘ ಕಟ್ಟಿಕೊಂಡರು. ಕಡಿದಾದ ಇಳಿಜಾರಿನ ತಲೆಯಲ್ಲಿ ಅಪಾಯದ ಫಲಕ ನೆಡುವ ಕೆಲಸವನ್ನೂ 19ನೇ ಶತಮಾನದಲ್ಲಿ ಆ ಸಂಘವೇ ಮಾಡಿತು. ಕಾರು ಬರುವ ಮೊದಲೇ ರಸ್ತೆಯ ಸುರಕ್ಷತೆಯ ಬಗ್ಗೆ ತಲೆ ಕೆಡಿಸಿಕೊಂಡವರು ಸೈಕಲಿನವರು. ನನಗೆ ಆ ಸಂಘದ ಮೇಲೆ ಗೌರವವಿದೆ.

ಬೆಳ್ಳಾರೆಯ ಪೇಟೆಯಲ್ಲಿ ಒಂದು ಚಾ, ಎರಡು ಬನ್ಸು. ಈ ಸಣ್ಣ ಪೇಟೆಗೆ ದೊಡ್ಡ ಇತಿಹಾಸವಿದೆ. 1837ರ ಅಮರಸುಳ್ಯ ಹೋರಾಟದಲ್ಲಿ ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದ ರೈತರು ಬ್ರಿಟಿಷರ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು ದಾರಿಯಾಗಿ ಮಂಗಳೂರಿಗೆ ಹೋಗಿ, ಏಪ್ರಿಲ್‌ನಲ್ಲಿ ಬಾವುಟಗುಡ್ಡೆಯ ಮೇಲೆ ತಮ್ಮ ಬಾವುಟ ಹಾರಿಸಿದರು. ಕಂದಾಯವನ್ನು ಹಣದಲ್ಲೇ ಕಟ್ಟಬೇಕೆಂಬ ಕಂಪನಿ ಸರಕಾರದ ಕಟ್ಟುಪಾಡು ಅವರ ಸಿಟ್ಟಿಗೆ ಒಂದು ಕಾರಣ. ಅವರು ಆ ಸೆಕೆಯ ದಿನಗಳಲ್ಲಿ ನಡೆದ ನೆಲದ ಏರಿಳಿತ ಎಂಥದು ಎಂಬುದು ಪುಸ್ತಕ ಓದಿದಾಗ ನನಗೆ ಗೊತ್ತಾಗಿರಲಿಲ್ಲ, ತುಳಿದ ಮೇಲೆ ಗೊತ್ತಾಯಿತು.

ಬೆಳ್ಳಾರೆಯಿಂದ ನಿಂತಿಕಲ್ಲು, ಪಂಜ, ಬಳ್ಪ, ಯೇನೆಕಲ್ಲು ಹಿಡಿದರೆ ಸುಬ್ರಹ್ಮಣ್ಯ. ಪಂಜ ದಾಟುವಾಗ ಪೂರ್ವದ ಆಕಾಶಕ್ಕೆ ಅಡ್ಡಲಾಗಿ ಘಟ್ಟ ಎದ್ದು ನಿಲ್ಲುತ್ತದೆ. ಅಲ್ಲಿಯವರೆಗೆ ತೆಂಗು, ಅಡಿಕೆ, ರಬ್ಬರುಗಳ ಸಂದಿಯಲ್ಲಿ ಆಗೀಗ ಇಣುಕುತ್ತಿದ್ದದ್ದು, ಒಂದು ತಿರುವಿನಲ್ಲಿ ಪೂರ್ತಿ ಎದುರಿಗೆ ಬರುತ್ತದೆ. 1,712 ಮೀಟರಿನ ಕುಮಾರಪರ್ವತ ಆ ಸಾಲಿನ ಯಜಮಾನ. ಇಲ್ಲಿ ಹೊಳೆಗಳೂ ಬದಲಾಗುತ್ತವೆ. ಪುತ್ತೂರಿನ ಕಡೆಯ ತೋಡುಗಳು ಜನವರಿಯಲ್ಲೇ ಬಡವಾದರೆ, ಘಟ್ಟದ ಬುಡದ ಹೊಳೆಗಳು ಬಂಡೆಗಳ ನಡುವೆ ಇನ್ನೂ ಗಟ್ಟಿ ದನಿಯಲ್ಲಿ ಹರಿಯುತ್ತಿರುತ್ತವೆ.

ಸುಬ್ರಹ್ಮಣ್ಯದಿಂದ ಹಿಂತಿರುಗುವ ದಾರಿ ಬೇರೆಯೇ ಇರಬೇಕು. ಹೋದ ದಾರಿಯಲ್ಲೇ ಬರುವುದು ಸವಾರಿಗೆ ಶೋಭೆಯಲ್ಲ. ಕುಲ್ಕುಂದ, ಬಿಳಿನೆಲೆ, ಮರ್ದಾಳ, ಕಡಬ. ಪುತ್ತೂರು, ಸುಳ್ಯ ತಾಲೂಕುಗಳ ಊರುಗಳನ್ನು ಕೂಡಿಸಿ ಇತ್ತೀಚೆಗೆ ಮಾಡಿದ ಈ ಕಡಬ ತಾಲೂಕಿನಲ್ಲಿ ರಸ್ತೆಗೆ ಕಾಡಿನ ಸಹವಾಸ ಹೆಚ್ಚು. ಬಿಳಿನೆಲೆಯ ಆಸುಪಾಸು ಮರಗಳು ಮೇಲೆ ಕೈಕೈ ಹಿಡಿದುಕೊಂಡು ನಡುಹಗಲಿನಲ್ಲೂ ನೆರಳು. ಆದರೆ ಕತ್ತಲಲ್ಲಿ ಇಲ್ಲಿ ಸೈಕಲ್ ಬೇಡ. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಬೆಳ್ಳಂಬೆಳಗ್ಗೆ ಕಾಡಾನೆಗೆ ಸಿಕ್ಕಿ ಇಬ್ಬರು ಜೀವ ಕಳೆದುಕೊಂಡರು. ಸೂರ್ಯ ಏರಿದ ಮೇಲೆ ಹೊರಟು, ಇಳಿಯುವ ಮೊದಲು ಕಡಬ ಸೇರಬೇಕು. ಅಂಗಡಿಯವರನ್ನು ಕೇಳಿದರೆ ಆನೆಯ ಸುದ್ದಿ ನಿಖರವಾಗಿ ಸಿಗುತ್ತದೆ. ಮುಂದೆ ಹೊಸಮಠ. ಹಿಂದೆ ಮಳೆಗಾಲದಲ್ಲಿ ಗುಂಡ್ಯ ಹೊಳೆ ಉಕ್ಕಿದಾಗೆಲ್ಲ ಇಲ್ಲಿನ ಸೇತುವೆ ಮುಳುಗಿ ಈಚೆಯವರು ಈಚೆ, ಆಚೆಯವರು ಆಚೆ. ಈಗ ಎತ್ತರದ ಸೇತುವೆಯಾಗಿದೆ. ಆಲಂಕಾರಿನಿಂದ ಶಾಂತಿಮೊಗರಿಗೆ ಇಳಿದು ಕುಮಾರಧಾರೆಯನ್ನು ದಾಟುವ ಹೊತ್ತಿಗೆ ಸಂಜೆಯ ಬಿಸಿಲು ನೀರಿನ ಮೇಲಿದ್ದರೆ ಹತ್ತು ನಿಮಿಷ ನಿಲ್ಲಲೇಬೇಕು. ಸವಣೂರಿಗೆ ಏರುವ ದಾರಿ ದಣಿದ ಕಾಲಿಗೆ ಕೊಂಚ ಕಠಿಣ. ಅದಕ್ಕೇ ಆಲಂಕಾರಿನಲ್ಲಿ ಒಂದು ಬೊಂಡ ಕುಡಿದೇ ಹೊರಡುವುದು ವಾಸಿ. ಪುನರ್ಪುಳಿ ಶರಬತ್ತು ಸಿಕ್ಕಿದರೆ ಇನ್ನೂ ವಾಸಿ. ಬೆವರಿ ಬತ್ತಿದ ಬಾಯಿಗೆ ಆ ಹುಳಿ ಹತ್ತಿದಷ್ಟು ಬೇರೇನೂ ಹತ್ತುವುದಿಲ್ಲ.

ಸುಳ್ಯದ ಕಡೆಗೆ ಹೋಗುವವರು ಬೆಳ್ಳಾರೆಯಿಂದ ಸೋಣಂಗೇರಿಯ ದಾರಿ ಹಿಡಿಯಬಹುದು. ಸುಳ್ಯದ ಸುತ್ತ ರಬ್ಬರಿನ ನೆಡುತೋಪುಗಳು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಸರಕಾರ ಇಲ್ಲಿನ ರಬ್ಬರು ತೋಟಗಳಲ್ಲಿ ಕೆಲಸ ಕೊಟ್ಟು ನೆಲೆ ಮಾಡಿಸಿತು. ಹಾಗಾಗಿ ಒಂದೇ ಸವಾರಿಯಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಮಲಯಾಳ, ತಮಿಳು ಎಲ್ಲದರಲ್ಲೂ "ಎಲ್ಲಿಗೆ?" ಎಂದು ಕೇಳಿಸಿಕೊಳ್ಳಬಹುದು.

ಸುಳ್ಯ ದಾಟಿದರೆ ಅರಂಬೂರು. ಗಿರೀಶ್ ಭಾರದ್ವಾಜರು 1989ರಲ್ಲಿ ಪಯಸ್ವಿನಿಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದ ಜಾಗ. ಆಮೇಲೆ ದೇಶದ ಮೂಲೆಮೂಲೆಗಳಲ್ಲಿ ನೂರಕ್ಕೂ ಮಿಕ್ಕಿ ತೂಗುಸೇತುವೆ ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ತೂಗುಸೇತುವೆಯ ಮೇಲೆ ಸೈಕಲ್ ದೂಡಿಕೊಂಡೇ ಹೋಗಬೇಕು. ನಮ್ಮ ಹೆಜ್ಜೆ ಒಂದು ತಾಳ, ಹಲಗೆಯ ಅಲುಗಾಟ ಇನ್ನೊಂದು ತಾಳ, ಎದುರಿನಿಂದ ಶಾಲೆಮಕ್ಕಳು ಓಡಿ ಬಂದರೆ ಮೂರನೆಯದು. ಇನ್ನೂ ಮುಂದೆ ಅರಂತೋಡಿನಲ್ಲಿ ಹೆದ್ದಾರಿ ಬಿಟ್ಟರೆ ತೊಡಿಕಾನ. ಮಲ್ಲಿಕಾರ್ಜುನ ದೇವಸ್ಥಾನದ ಪಕ್ಕದ ಹೊಳೆಯ ಗುಂಡಿಯಲ್ಲಿ ದೇವರ ಮೀನುಗಳು ಸೊಕ್ಕಿ ಬೆಳೆದಿವೆ. ಇದರಾಚೆ ಘಟ್ಟ, ಏರಿಳಿತ ಮುಗಿದು ಬರೀ ಏರು. ನನ್ನ ಆಸೆ ಅಲ್ಲಿಗೇ ನಿಲ್ಲುತ್ತದೆ.

ನವೆಂಬರಿನಿಂದ ಫೆಬ್ರವರಿಯವರೆಗೆ ಈ ದಾರಿಗಳ ಕಾಲ. ಮಾರ್ಚಿನಿಂದ ಸೆಕೆ ತಡೆಯದು, ಮಳೆಗಾಲದಲ್ಲಿ ರಸ್ತೆಯಂಚಿನ ಪಾಚಿ ಟಯರನ್ನು ನಿಲ್ಲಗೊಡದು. ಇಲ್ಲಿನ ಇಳಿಜಾರುಗಳದ್ದೆಲ್ಲ ಒಂದೇ ಸ್ವಭಾವ: ವೇಗ ಸಿಕ್ಕಿತು ಅನ್ನುವಾಗಲೇ ತಳದಲ್ಲಿ ಮೋರಿ, ಮೋರಿಗೆ ತಾಗಿ ಗಕ್ಕನೆ ತಿರುವು. ಮೋರಿಗೆ ಮೊದಲೇ ಬ್ರೇಕು ಹಿಡಿದು, ಗೇರು ಇಳಿಸಿ, ಬೆಲ್ಲು ಬಾರಿಸಿ ತಿರುಗಬೇಕು.

ಪಂಚಾಯತಿನವರಲ್ಲಿ ನನ್ನದೊಂದು ಮನವಿ. ನಮ್ಮ ಒಳರಸ್ತೆಗಳಿಗೆ ಕಾಂಕ್ರೀಟು ಬಂದದ್ದು ದೊಡ್ಡ ಉಪಕಾರ. ಆದರೆ ಎಷ್ಟೋ ಕಡೆ ಕಾಂಕ್ರೀಟಿನ ಅಂಚು ಪಕ್ಕದ ಮಣ್ಣಿಗಿಂತ ಗೇಣು ಎತ್ತರಕ್ಕೆ ನಿಂತಿದೆ. ಎದುರಿನಿಂದ ಜೀಪು ಬಂದಾಗ ಸೈಕಲಿನವನಿಗೆ ಇಳಿಯಲು ಜಾಗವಿಲ್ಲ, ಇಳಿದರೆ ಬೀಳುತ್ತಾನೆ. 2006–07ರಿಂದ ಸರಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟ ವರ್ಷಗಳಲ್ಲಿ ಶಾಲೆ ಬಿಡುವ ಹೊತ್ತಿಗೆ ಈ ರಸ್ತೆಗಳ ತುಂಬ ಒಂದೇ ಬಣ್ಣದ ಸೈಕಲುಗಳಿದ್ದವು. ಕೊರೊನಾ ಕಾಲದಲ್ಲಿ ಆ ಯೋಜನೆ ನಿಂತಿತು. ಸೈಕಲಿನಲ್ಲಿ ಶಾಲೆಗೆ ಹೋಗುವ ಮಕ್ಕಳು ಈಗಲೂ ಅಲ್ಲಲ್ಲಿ ಇದ್ದಾರೆ, ಅವರು ಹೋಗುವುದು ಇದೇ ಅಂಚಿನಲ್ಲಿ. ಈ ಬೇಸಿಗೆಯಲ್ಲಿ ರಸ್ತೆ ಕೆಲಸ ಹಿಡಿಯುವಾಗ ಮೋರಿಯ ತಿರುವುಗಳಿಗೆ ಮೊದಲು ಒಂದೊಂದು ಫಲಕ ನೆಡಿಸಿ, ಕಾಂಕ್ರೀಟಿನ ಎರಡೂ ಬದಿಗೆ ಮಣ್ಣು ತುಂಬಿಸಿ.