ತ್ರೈರಾಶಿಕಕ್ಕೆ ಸಿಕ್ಕದ ಓಟ

ತರೀಕೆರೆಯಿಂದ ಕಲ್ಲತ್ತಿಗಿರಿಗೂ ಕೆಮ್ಮಣ್ಣುಗುಂಡಿಗೂ ಹೋಗುವ ಭಕ್ತರೂ ಪ್ರವಾಸಿಗರೂ ನಮ್ಮ ಲಿಂಗದಹಳ್ಳಿಯನ್ನು ಹಾದು ಹೋಗುತ್ತಾರೆ. ಆ ರಸ್ತೆಯಿಂದ ತುಸು ಒಳಗೆ, ಊರ ಹೊರಗಿನ ಬಯಲೊಂದರಲ್ಲಿ, 2012ನೆಯ ಇಸವಿಯ ಶ್ರಾವಣ ಮಾಸದ ಒಂದು ಭಾನುವಾರ ಸಂಜೆ ನಾನೊಂದು ಲೆಕ್ಕ ಮಾಡಿದೆನು. ಆ ಲೆಕ್ಕದ ವೃತ್ತಾಂತವನ್ನು ಓದುಗರ ಮುಂದೆ ನಿವೇದಿಸಿಕೊಳ್ಳಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ. ಗುಣಾಕಾರ ಭಾಗಾಕಾರಗಳಲ್ಲಿ ಏನೂ ತಪ್ಪಿರಲಿಲ್ಲ. ಆದರೂ ಅದರಿಂದ ಒಬ್ಬ ಬಾಲಕನಿಗೆ ಅನ್ಯಾಯವಾಯಿತು.

ನಾನು ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವನು. ವ್ಯಾಕರಣ, ಕಾವ್ಯಗಳ ಜೊತೆಗೆ ಭಾಸ್ಕರಾಚಾರ್ಯರ 'ಲೀಲಾವತಿ'ಯ ಕೆಲವು ಪ್ರಕರಣಗಳನ್ನು ಗುರುಗಳು ನಮಗೆ ಬಾಯಿಪಾಠ ಮಾಡಿಸಿದ್ದರು. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ತ್ರೈರಾಶಿಕ. ಪ್ರಮಾಣ, ಫಲ, ಇಚ್ಛೆ ಎಂಬ ಮೂರು ರಾಶಿಗಳು ತಿಳಿದರೆ ಸಾಕು. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲ ದೊರೆಯುತ್ತದೆ. ಅಡಕೆ ವ್ಯಾಪಾರದಿಂದ ಹಿಡಿದು ದಾಸೋಹದ ಅಕ್ಕಿಯವರೆಗೆ ಯಾವ ಲೆಕ್ಕವನ್ನೂ ನಾನು ಇದೇ ಕ್ರಮದಲ್ಲಿ ಬಿಡಿಸುತ್ತಿದ್ದೆ. ಬಂಧುಗಳಲ್ಲಿ ಇದರಿಂದ ನನಗೆ ಒಂದಿಷ್ಟು ಹೆಸರೂ ಬಂದಿತ್ತು. ಹೆಸರು ಬಂದವನಿಗೆ ಸಲಹೆ ಕೊಡುವ ಚಪಲವೂ ಬರುತ್ತದೆ.

ನನ್ನ ತಂಗಿಯ ಮಗನು ಆಗ ಹತ್ತನೆಯ ತರಗತಿ. ಶಿವಮೊಗ್ಗದಲ್ಲಿ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದನು. ವಯಸ್ಸಿಗೆ ಮೀರಿದ ಎತ್ತರ, ಬಾಸ್ಕೆಟ್‌ಬಾಲ್ ಆಟದಲ್ಲಿ ಎಲ್ಲಿಲ್ಲದ ಆಸಕ್ತಿ. ಆ ಭಾನುವಾರ ಊರಿಗೆ ಬಂದವನು ಊಟವಾದ ಮೇಲೆ ಮೆಲ್ಲನೆ ವಿಷಯ ತೆಗೆದನು. ವ್ಯಾಯಾಮದ ಶಿಕ್ಷಕರು ಅವನನ್ನು ಕ್ರೀಡಾಕೂಟದ 100 ಮೀಟರ್ ಓಟಕ್ಕೂ ಸೇರಿಸಬೇಕೆಂದಿದ್ದರಂತೆ. "ಅಂಕಣದಲ್ಲಿ ನನ್ನನ್ನು ಹಿಡಿಯುವವರಿಲ್ಲ ಮಾವ, ಆದರೆ ಪಥದ ಮೇಲೆ ಹೇಗೋ ತಿಳಿಯದು" ಎಂದನು. ಅದಕ್ಕೇನು, ಲೆಕ್ಕ ಹಾಕಿ ಹೇಳೋಣ ಎಂದು ನಾನು ಹೊರಟೆನು.

ಬಾಸ್ಕೆಟ್‌ಬಾಲ್ ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್ ಎಂದು ಅವನೇ ತಿಳಿಸಿದನು. ಬಾವಿಯ ಹಗ್ಗವನ್ನು ಅಳೆದು ಗಂಟು ಹಾಕಿ, ಬಯಲಿನಲ್ಲಿ 28 ಮೀಟರಿಗೆ ಎರಡು ಕಲ್ಲುಗಳನ್ನಿಟ್ಟೆವು. ಅವನು ಬರಿಗಾಲಿನಲ್ಲಿ ಓಡಿದನು. ಮೂರು ಸಲ ಓಡಿಸಿದೆನು; ಅತ್ಯುತ್ತಮವಾದುದು ನನ್ನ ಕೈಗಡಿಯಾರದಲ್ಲಿ 4.2 ಸೆಕೆಂಡು. ಪ್ರಮಾಣ 28, ಫಲ 4.2, ಇಚ್ಛೆ 100. ಇಚ್ಛಾಫಲ ಸರಿಯಾಗಿ 15, ಒಂದಂಶವೂ ಉಳಿಯಲಿಲ್ಲ. ಶೇಷವಿಲ್ಲದೆ ಬಂದ ಉತ್ತರದಲ್ಲಿ ಎಂಥದೋ ದೈವಿಕ ಖಚಿತತೆ ಇರುವಂತೆ ನನಗೆ ತೋರಿತು. ಶಾಲಾ ಮಟ್ಟದಲ್ಲಿ ಗೆಲ್ಲುವವರು ಹನ್ನೆರಡು ಸೆಕೆಂಡಿನ ಆಸುಪಾಸಿನಲ್ಲಿ ಓಡುತ್ತಾರೆಂದು ಎಲ್ಲಿಯೋ ಓದಿದ್ದೆ. "ಹದಿನೈದು ಸೆಕೆಂಡು ನಿನ್ನದು. ಅಲ್ಲಿ ನಿಂತು ನಗೆಗೀಡಾಗಬೇಡ, ಚೆಂಡಾಟವೇ ನಿನಗೆ ಸಾಕು" ಎಂದುಬಿಟ್ಟೆನು. ಅವನು ಮರುಮಾತನಾಡಲಿಲ್ಲ. ಓಟಕ್ಕೆ ಹೆಸರು ಕೊಡಲಿಲ್ಲವೆಂದು ಅನಂತರ ತಂಗಿ ಹೇಳಿದಾಗ ನನಗೆ ಸಮಾಧಾನವೇ ಆಗಿತ್ತು.

ಇದಾಗಿ ಎಂಟು ವರ್ಷಗಳ ಮೇಲೆ, 2020ರ ಫೆಬ್ರವರಿಯಲ್ಲಿ, ದಕ್ಷಿಣ ಕನ್ನಡದ ಕಂಬಳದ ಸುದ್ದಿಯೊಂದು ದೇಶವನ್ನೆಲ್ಲ ತುಂಬಿತು. ಮೂಡುಬಿದಿರೆಯ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡ ಎಂಬ ಇಪ್ಪತ್ತೆಂಟರ ತರುಣ, ಕಟ್ಟಡದ ಕೆಲಸ ಮಾಡಿ ಜೀವಿಸುವವನು, ಐಕಳದ ಕಂಬಳದಲ್ಲಿ ಕೋಣಗಳ ಹಿಂದೆ 142.5 ಮೀಟರ್ ಕೆಸರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದ್ದನು. ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡು ಎಂದರು. ಜಮೈಕಾ ದೇಶದ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58 ಸೆಕೆಂಡು. ಭಾರತದ ಅಂದಿನ ದಾಖಲೆಯೋ 10.26. ಕೆಲವೇ ದಿನಗಳಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿ ಇನ್ನೂ ಮುಂದೆ ಹೋದನು. ಕೇಂದ್ರದ ಕ್ರೀಡಾ ಸಚಿವರು ಶ್ರೀನಿವಾಸ ಗೌಡನನ್ನು ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಆಹ್ವಾನಿಸಿದರು. ಅವನು ಕಾಲಿನ ನೋವನ್ನೂ ಮುಂದಿನ ಕಂಬಳಗಳನ್ನೂ ಹೇಳಿ ಆ ಪರೀಕ್ಷೆಯಿಂದ ದೂರ ಉಳಿದನು.

ನಾನೂ ಲೇಖನಿ ಹಿಡಿದು ಕುಳಿತೆನು. ಪ್ರಮಾಣ 142.5, ಫಲ 13.62, ಇಚ್ಛೆ 100. ಪತ್ರಿಕೆಯವರ ಲೆಕ್ಕ ಸರಿಯಾಗಿಯೇ ಇತ್ತು. ನಮ್ಮ ನಾಡಿನ ಕಾಯಕಜೀವಿಯೊಬ್ಬ ಕೆಸರಿನಲ್ಲಿ ನಿಂತು ಜಗಜ್ಜೆಟ್ಟಿಯನ್ನು ಮೀರಿಸಿದನೆಂದು ನನ್ನ ಎದೆ ಉಬ್ಬಿತು. ಅಂದಿನ ಮಹಾಶಿವರಾತ್ರಿಗೆ, ಅಂದರೆ ಫೆಬ್ರವರಿ 21ರಂದು, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಅಳಿಯನು ಊರಿಗೆ ಬಂದಿದ್ದನು. ಪೂಜೆ ಮುಗಿಸಿ ಜಾಗರಣೆಗೆ ಕುಳಿತಾಗ ಅವನಿಗೆ ಆ ಹಾಳೆಯನ್ನು ತೋರಿಸಿದೆನು. ಅವನು ನೋಡಿ ನಕ್ಕನು.

"ಮಾವ, ಇದೇ ಲೆಕ್ಕದಲ್ಲಿ ನನಗೆ ಹದಿನೈದು ಬಂದಿತ್ತು."

ಎಂಟು ವರ್ಷ ಆ ಸಂಖ್ಯೆಯನ್ನು ಅವನು ನೆನಪಿನಲ್ಲಿಟ್ಟುಕೊಂಡಿದ್ದಾನೆಂಬುದು ನನಗೆ ಆಗಲೇ ತಿಳಿದದ್ದು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಜಾಗರಣೆಯ ಉಳಿದ ಯಾಮವೊಂದನ್ನು ನಾವು ಅದೇ ವಿಚಾರದಲ್ಲಿ ಕಳೆದೆವು. ಶಿವನಾಮಸ್ಮರಣೆಯ ಹೊತ್ತಿನಲ್ಲಿ ಓಟದ ಮಾತೇ ಎಂದು ನನ್ನ ಮನೆಯಾಕೆ ಆಕ್ಷೇಪಿಸಿದ್ದೂ ಉಂಟು. ಅಳಿಯನು ಮೊಬೈಲಿನಲ್ಲಿ ಬೋಲ್ಟ್‌ನ ಬರ್ಲಿನ್ ಓಟದ ವಿವರಗಳನ್ನು ತೆಗೆದನು. ವಿಜ್ಞಾನಿಗಳು ಆ ಓಟವನ್ನು ಇಪ್ಪತ್ತು ಮೀಟರಿನ ತುಂಡುಗಳಾಗಿ ಅಳೆದಿದ್ದಾರೆ. ಮೊದಲ 20 ಮೀಟರಿಗೆ ಅವನಿಗೆ ಹಿಡಿದದ್ದು 2.89 ಸೆಕೆಂಡು. 60ರಿಂದ 80ರವರೆಗಿನ 20 ಮೀಟರಿಗೆ 1.61 ಸೆಕೆಂಡು ಮಾತ್ರ. "ಈಗ ನಿಮ್ಮ ತ್ರೈರಾಶಿಕ ಹಾಕಿ" ಎಂದನು. ಮೊದಲ ತುಂಡನ್ನು ಐದರಿಂದ ಗುಣಿಸಿದೆನು: 14.45 ಸೆಕೆಂಡು. ಜಗತ್ತಿನ ಅತ್ಯಂತ ವೇಗದ ಮನುಷ್ಯನು ನನ್ನ ಅಳಿಯನಿಗಿಂತ ಅರ್ಧ ಸೆಕೆಂಡು ಮಾತ್ರ ಮುಂದೆ! ನಾಲ್ಕನೆಯ ತುಂಡನ್ನು ಗುಣಿಸಿದೆನು: 8.05 ಸೆಕೆಂಡು, ಅಷ್ಟು ಬೇಗ ಓಡಿದವನು ಭೂಮಿಯ ಮೇಲೆ ಹುಟ್ಟಿಯೇ ಇಲ್ಲ. ಮನುಷ್ಯ ಒಂದೇ, ಓಟ ಒಂದೇ, ಸೂತ್ರವೂ ಒಂದೇ. ಉತ್ತರಗಳು ಮಾತ್ರ ಎರಡು ದಿಕ್ಕಿಗೆ ಓಡಿಹೋದವು.

ತ್ರೈರಾಶಿಕವು ಅಕ್ಕಿಗೆ ಹೊಂದುತ್ತದೆ. ಏಕೆಂದರೆ ಮೊದಲ ಸೇರೂ ಹತ್ತನೆಯ ಸೇರೂ ಒಂದೇ ತೂಕ. ಓಟದ ಮೊದಲ ಮೀಟರೂ ಎಪ್ಪತ್ತನೆಯ ಮೀಟರೂ ಒಂದೇ ಅಲ್ಲ. ನಿಂತ ದೇಹವನ್ನು ಚಲನೆಗೆ ತರುವುದಕ್ಕೇ ಆರಂಭದ ಶ್ರಮವೆಲ್ಲ ವ್ಯಯವಾಗುತ್ತದೆ. ಶ್ರೇಷ್ಠ ಓಟಗಾರರು ಪೂರ್ಣವೇಗವನ್ನು ಮುಟ್ಟುವುದು 60 ಮೀಟರಿನ ಸುಮಾರಿಗೆ. ಆಮೇಲೆ ಆ ವೇಗವನ್ನು ಕಾಯ್ದುಕೊಳ್ಳುವುದೇ ಒಂದು ವಿದ್ಯೆ. ಇದನ್ನು ಯೋಚಿಸುತ್ತಿರುವಾಗ ನನಗೆ ನಾಚಿಕೆ ತಂದ ಇನ್ನೊಂದು ಸಂಗತಿ ನೆನಪಾಯಿತು. ಭಾಸ್ಕರಾಚಾರ್ಯರೇ ತ್ರೈರಾಶಿಕದ ಬೆನ್ನಿಗೆ ವ್ಯಸ್ತತ್ರೈರಾಶಿಕವನ್ನು ಹೇಳಿ, ಜೀವಿಗಳ ವಯಸ್ಸಿಗೂ ಬೆಲೆಗೂ ನೇರ ಸೂತ್ರ ಸಲ್ಲದೆಂದು ಎಚ್ಚರಿಸಿದ್ದಾರೆ. ದುಡಿದ ಎತ್ತಿನ ಬೆಲೆಯ ಉದಾಹರಣೆಯನ್ನೂ ಕೊಟ್ಟಿದ್ದಾರೆ. ಆ ಪಾಠವೂ ನನಗೆ ಬಾಯಿಗೆ ಬರುತ್ತಿತ್ತು. ಬಾಯಿಗೆ ಮಾತ್ರ.

ಹಾಗಾದರೆ ಬಾಸ್ಕೆಟ್‌ಬಾಲ್ ಆಟಗಾರರು ಪಥದ ಮೇಲೆ ನಿಜವಾಗಿ ಎಷ್ಟು ವೇಗವಾಗಿ ಓಡಬಲ್ಲರು? ಇದನ್ನೇ ಅವನನ್ನು ಕೇಳಿದೆನು. ಅಮೆರಿಕದ ವೃತ್ತಿಪರ ಸಂಘಕ್ಕೆ ಆಟಗಾರರನ್ನು ಆಯುವ ಮೊದಲು ಮುಕ್ಕಾಲು ಅಂಕಣದ ಓಟವೆಂಬ ಪರೀಕ್ಷೆ ನಡೆಸುತ್ತಾರಂತೆ. ದೂರ 75 ಅಡಿ, ಅಂದರೆ 22.86 ಮೀಟರ್. ಚುರುಕಾದವರು ಇದನ್ನು 3 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಾರೆ. ಬೋಲ್ಟ್‌ನೂ ಬರ್ಲಿನ್ನಿನಲ್ಲಿ ಅಷ್ಟು ದೂರಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ತೆಗೆದುಕೊಂಡಿದ್ದನು. ಗುಂಡಿನ ಸದ್ದು ಕೇಳಿ ಮೈ ಅಲುಗುವುದಕ್ಕೆ ಅವನಿಗೆ ಹಿಡಿದ 0.146 ಸೆಕೆಂಡು ಅದರಲ್ಲಿ ಸೇರಿದೆ, ನಿಜ. ಆದರೂ ಅಂಕಣದ ಅಳತೆಯೊಳಗೆ ಇವರು ಅವನಿಗೆ ತೀರ ಹಿಂದೆ ಉಳಿಯುವವರಲ್ಲ. ಅಂತರ ಹುಟ್ಟುವುದು ಅಂಕಣ ಮುಗಿದ ಮೇಲೆ. 28 ಮೀಟರಿನ ಆಚೆಗೆ ಅವರಿಗೆ ಗೋಡೆ. ಅವರು ಕಲಿತದ್ದು ಥಟ್ಟನೆ ಹೊರಡುವುದು, ಥಟ್ಟನೆ ನಿಲ್ಲುವುದು, ಹೊರಳುವುದು, ನೆಗೆಯುವುದು. ಪೂರ್ಣವೇಗದ ಮುಖವನ್ನೇ ಅವರು ಆಟದಲ್ಲಿ ಕಾಣುವುದಿಲ್ಲ. ಅತಿ ಚುರುಕಾದ ಆಟಗಾರನು ಓಟದ ಅಭ್ಯಾಸವಿಲ್ಲದೆ ಪಥಕ್ಕಿಳಿದರೆ ಹನ್ನೊಂದು ಸೆಕೆಂಡಿನ ಸುಮಾರಿಗೆ ಮುಟ್ಟಿಯಾನೆಂದು ಅಳಿಯನ ಅಂದಾಜು. ಎತ್ತರ ಅಡ್ಡಿಯಾಗುತ್ತದೆಯೇ ಎಂದೆನು. ಬೋಲ್ಟ್‌ನೇ ಆರೂವರೆ ಅಡಿಗೆ ಸ್ವಲ್ಪ ಕಡಿಮೆ, ನೂರು ಮೀಟರನ್ನು ಸುಮಾರು 41 ಹೆಜ್ಜೆಗಳಲ್ಲಿ ಮುಗಿಸುತ್ತಿದ್ದನು ಎಂದನು.

ಮರುವರ್ಷವೇ ಇದಕ್ಕೊಂದು ನಿದರ್ಶನ ದೊರೆಯಿತು. ಅಮೆರಿಕನ್ ಫುಟ್‌ಬಾಲ್ ಆಟದ ಡಿ. ಕೆ. ಮೆಟ್‌ಕಾಫ್ ಎಂಬವನು, ನೂರು ಕಿಲೋಗ್ರಾಂ ಮೀರಿದ ದೇಹದವನು, 2020ರ ಪಂದ್ಯವೊಂದರಲ್ಲಿ ಗಂಟೆಗೆ ಸುಮಾರು 36 ಕಿಲೋಮೀಟರ್ ವೇಗದಲ್ಲಿ ಎದುರಾಳಿಯನ್ನು ಬೆನ್ನಟ್ಟಿ ಹಿಡಿದು ಹೆಸರಾಗಿದ್ದನು. 2021ರ ಮೇ ತಿಂಗಳಲ್ಲಿ ನಿಜವಾದ ಓಟಗಾರರೊಡನೆ 100 ಮೀಟರ್ ಓಡಿಯೇಬಿಟ್ಟನು. 10.36 ಸೆಕೆಂಡು, ತನ್ನ ಸುತ್ತಿನ ಒಂಬತ್ತು ಜನರಲ್ಲಿ ಕೊನೆಯವನು. ಕೊನೆಯವನಾದನೆಂದು ನಕ್ಕವರುಂಟು. ನನಗೆ ಮಾತ್ರ ಅವನು ಹೆಸರು ಕೊಟ್ಟು ಪಥದ ಮೇಲೆ ನಿಂತದ್ದೇ ಮನಸ್ಸಿನಲ್ಲಿ ಉಳಿಯಿತು.

ಶ್ರೀನಿವಾಸ ಗೌಡನ ವಿಷಯಕ್ಕೆ ಮರಳುವುದಾದರೆ, ಅವನನ್ನು ಬೋಲ್ಟ್‌ನ 100 ಮೀಟರಿನೊಂದಿಗೆ ತೂಗಿದ್ದೇ ಸಲ್ಲದು. ಬೋಲ್ಟ್ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ನಗರದ ಬೀದಿಯಲ್ಲಿ ಹಾಸಿದ ನೇರವಾದ ಪಥದಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದಾನೆ. ಅದರ ಕೊನೆಯ 100 ಮೀಟರಿಗೆ 8.70 ಸೆಕೆಂಡು. ದೂರ ಹೆಚ್ಚಿದಂತೆ ಆರಂಭದ ನಷ್ಟವು ಹಂಚಿಹೋಗುತ್ತದೆ. ಅದೂ ಅಲ್ಲದೆ ಕಂಬಳದಲ್ಲಿ ಮುಂದೆ ಎಳೆಯುವ ಎರಡು ಕೋಣಗಳಿವೆ, ಕೆಳಗೆ ಹಿಡಿದು ನಿಲ್ಲಿಸುವ ಕೆಸರಿದೆ. ಒಂದು ಕೂಡುವುದು, ಇನ್ನೊಂದು ಕಳೆಯುವುದು, ಎರಡನ್ನೂ ಅಳೆದವರಿಲ್ಲ. ಒಂದೊಂದು ಊರಿನ ಕರೆ ಒಂದೊಂದು ಉದ್ದ. ಬೋಲ್ಟ್ ವಿಶ್ವವಿಜೇತ, ತಾನು ಓಡುವುದು ಗದ್ದೆಯ ಕೆಸರಿನಲ್ಲಿ ಎಂದು ಸ್ವತಃ ಶ್ರೀನಿವಾಸ ಗೌಡನೇ ಹೇಳಿ, ಶ್ರೇಯಸ್ಸಿನಲ್ಲಿ ಕೋಣಗಳಿಗೂ ಪಾಲು ಕೊಟ್ಟನು. ಲೆಕ್ಕ ಹಾಕಿದ ನಮಗಿಂತ ಓಡಿದವನಿಗೇ ವಿವೇಕ ಹೆಚ್ಚಾಗಿತ್ತು.

ನಮ್ಮ ನೆರೆಯ ಅಜ್ಜಂಪುರದ ಅಮೃತ ಮಹಲ್ ರಾಸುಗಳನ್ನು ಕಂಡಾಗಲೆಲ್ಲ ಈಗ ಇದು ನೆನಪಾಗುತ್ತದೆ. ಹೈದರಾಲಿಯು ಚಿದಂಬರದ ರಕ್ಷಣೆಗಾಗಿ ಈ ತಳಿಯ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದನೆಂದು ಇತಿಹಾಸದಲ್ಲಿ ಬರುತ್ತದೆ. ಆ ನೂರು ಮೈಲಿಯನ್ನು ಭಾಗಿಸಿ, ಒಂದು ಫರ್ಲಾಂಗಿಗೆ ಈ ಎತ್ತು ಇಷ್ಟೇ ವೇಗದ್ದು ಎಂದು ಯಾವ ರೈತನೂ ತೀರ್ಪು ಕೊಟ್ಟದ್ದನ್ನು ನಾನು ಕೇಳಿಲ್ಲ.

ಬೆಳಗಿನ ಜಾವ ಅಳಿಯನು ನನ್ನ ಹಳೆಯ ಲೆಕ್ಕವನ್ನು ತಿದ್ದಿ ತೋರಿಸಿದನು. 28 ಮೀಟರಿಗೆ 4.2 ಸೆಕೆಂಡು ಇರಲಿ. ಉಳಿದ 72 ಮೀಟರನ್ನು ಸೆಕೆಂಡಿಗೆ 9 ಮೀಟರಿನಂತೆ ಓಡಿದ್ದರೆ 8 ಸೆಕೆಂಡು. ಒಟ್ಟು 12.2. ನಾನು ಗೆಲ್ಲುವವರದೆಂದು ಹೇಳಿದ್ದ ಸಂಖ್ಯೆಯ ಪಕ್ಕದಲ್ಲಿಯೇ ಅದು ಬಂದು ನಿಂತಿತು. ಸೆಕೆಂಡಿಗೆ 9 ಮೀಟರ್ ಎಂಬುದು ಊಹೆ. ಅವನು ಆ ವೇಗವನ್ನು ಮುಟ್ಟುತ್ತಿದ್ದನೋ ಇಲ್ಲವೋ, ಅದನ್ನು ತಿಳಿಯುವ ದಾರಿ ಒಂದೇ ಇತ್ತು. ಆ ದಾರಿಗೆ ಅಡ್ಡ ನಿಂತವನು ನಾನು. ಹಾಗೆಂದು ಬಾಯಿಬಿಟ್ಟು ಹೇಳಿದೆನು. ಅವನು "ಇರಲಿ ಬಿಡಿ ಮಾವ" ಎಂದು ಎದ್ದು ಮುಖ ತೊಳೆಯಲು ಹೋದನು.

ಪಾರಣೆಯಾದ ಮೇಲೆ, ಅವನು ತರೀಕೆರೆಯ ಬಸ್ಸು ಹತ್ತುವ ಮುನ್ನ, ನಾನೇ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಅವನನ್ನು ಆ ಬಯಲಿಗೆ ಕರೆದೆನು. ಈ ಸಲ ಪೂರ್ತಿ ನೂರು ಮೀಟರ್ ಅಳೆದೆವು. ಇಪ್ಪತ್ಮೂರರ ಪ್ರಾಯ, ಕುರ್ಚಿಯ ಉದ್ಯೋಗ, ಹಿಂದಿನ ದಿನದ ಉಪವಾಸ, ರಾತ್ರಿಯ ಜಾಗರಣೆ. ಚಪ್ಪಲಿ ಬಿಟ್ಟು, ಪ್ಯಾಂಟನ್ನು ಮಡಿಸಿ ಓಡಿದನು. ದೂರದಿಂದ ಬರುವಾಗ ಮೊದಲು ನಿಧಾನವೆಂದೇ ತೋರಿತು. ನಡುಬಯಲಿಗೆ ಬಂದಮೇಲೆ ಅವನ ಹೆಜ್ಜೆಗಳು ನೀಳವಾದುದನ್ನು ನಾನು ಕಣ್ಣಾರೆ ಕಂಡೆನು. ಗಡಿಯಾರ 13.4 ಸೆಕೆಂಡು ತೋರಿಸಿತು. ಏದುಸಿರು ಬಿಡುತ್ತ ಬಂದವನು ಗಡಿಯಾರ ನೋಡಿ, "ಕೋಣಗಳಿರಬೇಕಿತ್ತು" ಎಂದನು.

ಮನೆಗೆ ಬಂದು ಹಳೆಯ ಲೆಕ್ಕದ ಪುಸ್ತಕವನ್ನು ಹುಡುಕಿದೆನು. 2012ರ ಹದಿನೈದು ಅಲ್ಲಿಯೇ ಇತ್ತು. ಅದನ್ನು ಹೊಡೆದುಹಾಕದೆ, ಕೆಳಗೆ ತಾರೀಖು ಹಾಕಿ 13.4 ಎಂದು ಬರೆದೆನು.