ಗೇಟಿಗೆ ಕಟ್ಟಿದ ಬಾವುಟ

ಬಂಗಾರಪೇಟೆಯ ರೈಲು ಹಳಿ ದಾಟಿದ ಮೇಲೆ ಸಿಗುವ ಓಣಿಯಲ್ಲಿ ಮಂಗಳಮುಖಿಯರ ಮನೆಯೊಂದಿತ್ತು. ಮಾರಿಕುಪ್ಪಂ ರೈಲುಗಳಲ್ಲಿ ಕೈಚಾಚಿ ದುಡಿಯುವವರು, ಕೆಜಿಎಫ್‌ನ ತಮಿಳು ಮನೆಗಳಿಂದ, ಕುಪ್ಪಂ ಕಡೆಯ ತೆಲುಗು ಹಳ್ಳಿಗಳಿಂದ ಓಡಿಬಂದ ಎಳೆಯರು, ಕ್ಯಾಸಂಬಳ್ಳಿಯಿಂದ ಬಸ್ಸು ಹಿಡಿದು ಬರುತ್ತಿದ್ದ, ಮನೆಯಲ್ಲಿ ಏನೂ ಹೇಳಿಕೊಳ್ಳಲಾಗದ ನನ್ನಂಥ ಗಂಡಸರು, ಎಲ್ಲರಿಗೂ ಅಲ್ಲಿ ಒಂದು ತಟ್ಟೆ ಊಟವಿತ್ತು. ಒಳಬಂದವರು ‘ಪಾಂಪಡುತ್ತಿ’ ಎಂದು ಹಿರಿಯಳ ಕಾಲಿಗೆರಗಿದರೆ ಅವಳು ‘ಜಿಯೋ’ ಎನ್ನುತ್ತಿದ್ದಳು. ಗೋಡೆಯಲ್ಲಿ ಹುಂಜವೇರಿದ ಮಾತೆಯ ಪಟ, ಪಕ್ಕದಲ್ಲಿ ಸವದತ್ತಿ ಎಲ್ಲಮ್ಮ. ತಮಿಳರ ಚಿತ್ತಿರೈ ತಿಂಗಳ ಹುಣ್ಣಿಮೆ ಹತ್ತಿರವಾದಂತೆ ಮನೆಗೆ ಮನೆಯೇ ಜೋಲಾರ್‌ಪೇಟೆ ಮಾರ್ಗವಾಗಿ ತಮಿಳುನಾಡಿನ ಕೂವಾಗಂ ಜಾತ್ರೆಗೆ ಹೊರಡುತ್ತಿತ್ತು, ಮಹಾಭಾರತದಲ್ಲಿ ಬಲಿಯಾದ ಅರವಾನನ ಹೆಸರಲ್ಲಿ ತಾಳಿ ಕಟ್ಟಿಸಿಕೊಂಡು ಮರುದಿನ ಬಿಳಿ ಸೀರೆಯುಟ್ಟು ಅಳುವುದಕ್ಕೆ.

ಓಣಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಹಾಲಿನವನು ಸಾಲ ಕೊಡುತ್ತಿದ್ದ. ಮಗು ಹುಟ್ಟಿದ ಮನೆಯವರು ಕರೆಸಿ ದೃಷ್ಟಿ ತೆಗೆಸುತ್ತಿದ್ದರು.

ಕೆಲಸಕ್ಕೆಂದು ಬೆಂಗಳೂರು ಸೇರಿದ ನಾನು, ಅಲ್ಲಿ 2008ರಲ್ಲಿ ಶುರುವಾದ ಪ್ರೈಡ್ ಮೆರವಣಿಗೆಯಲ್ಲಿ ನಡೆದೆ. ಅಲ್ಲಿ ಸಿಕ್ಕ ಧೈರ್ಯ ನಿಜವಾದದ್ದೇ, ಇವತ್ತಿಗೂ ಅದನ್ನು ಬಿಟ್ಟುಕೊಡಲಾರೆ. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಭಯ ತೆಗೆದ ಮೇಲೆ, ನ್ಯೂಯಾರ್ಕಿನ ಸ್ಟೋನ್‌ವಾಲ್ ದಂಗೆಯ ನೆನಪಿನ ಜೂನ್ ಹಬ್ಬ ನಮ್ಮೂರಿಗೂ ಬರಲೇಬೇಕೆಂದು ಹಟ ಹಿಡಿದೆ. ಆ ಮನೆಯ ಗೇಟಿಗೆ ಕಾಮನಬಿಲ್ಲಿನ ಬಾವುಟವನ್ನೂ ಇಂಗ್ಲಿಷ್ ಬ್ಯಾನರನ್ನೂ ಕಟ್ಟಿದೆ. ‘ಒಳಗೆ ಕಟ್ಟು ಕಂದ’ ಎಂದಳು ಹಿರಿಯಳು. ಹಳೆಗಾಲದ ಅಂಜಿಕೆ ಎಂದುಕೊಂಡೆ. ಫೋಟೊಗಳು ರಾತ್ರಿಯೊಳಗೆ ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿದವು. ತಿಂಗಳು ತುಂಬುವ ಮೊದಲೇ ಮನೆ ಖಾಲಿ ಮಾಡಬೇಕಾಯಿತು. ಮಾಲೀಕರನ್ನು ದೂರಲಾರೆ. ಗೊತ್ತಿದ್ದೂ ಗೊತ್ತಿಲ್ಲದಂತಿರಲು ಅವರಿಗಿದ್ದ ದಾರಿಯನ್ನು ಮುಚ್ಚಿದವನು ನಾನು.

ಅವಳ ಅಂಜಿಕೆಗೆ ಬೇರಿತ್ತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಇಂಥವರ ಹೆಸರು, ವಿಳಾಸ ಬರೆದಿಡಲು ಹೊರಟಿದ್ದರು. ಸ್ವತಂತ್ರ ಭಾರತದ ನಮ್ಮ ಸರ್ಕಾರವೇ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಸೇರಿಸಿ, ಇವರಲ್ಲಿ ಶಂಕೆಯಿದ್ದವರ ಪಟ್ಟಿಯಿಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಮನೆಯ ಗುರುತು ಬೀದಿಗೆ ಬಿದ್ದರೆ ಏನಾಗುತ್ತದೆಂಬುದು ಅವಳಿಗೆ ಬದುಕಿನಿಂದಲೇ ತಿಳಿದಿತ್ತು. ನಾನು ಕೇಳಲಿಲ್ಲ.

ಮರೆಯಲ್ಲಿರುವುದೇ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಗುರು ಕಾಳವ್ವನಿಂದ ಕಲಿತ ಜೋಗತಿ ನೃತ್ಯವನ್ನೇ ಹಿಡಿದು ಮಂಗಳಮುಖಿ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಆಮೇಲೆ ಪದ್ಮಶ್ರೀ ಪಡೆದರು. ಅವರು ತಮ್ಮ ದೇವಿ, ತಮ್ಮ ಹಾಡಿನ ಸಮೇತ ಬೆಳಕಿಗೆ ಬಂದರು. ನಾನು ಆ ಮನೆಯವರನ್ನು ಬೇರೆಯವರ ಹಬ್ಬಕ್ಕೆ ಪ್ರೇಕ್ಷಕರನ್ನಾಗಿ ಕೂರಿಸಿದ್ದೆ.

ಚದುರಿದವರಲ್ಲಿ ಕೆಲವರು ಬೆಂಗಳೂರಿಗೆ ಹೋದರು, ಇಬ್ಬರ ಸುಳಿವೇ ಇಲ್ಲ. ಉಳಿದವರಿಗೆ ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ ಕೋಣೆ ಸಿಕ್ಕಿದೆ, ಮಂಗಳವಾರದ ಪೂಜೆ, ಊಟ ಮತ್ತೆ ಶುರುವಾಗಿವೆ. 2021ರಲ್ಲಿ ರಾಜ್ಯ ಸರ್ಕಾರ ಕೊಟ್ಟ ಶೇ 1ರ ಮೀಸಲಾತಿಗಾಗಿ ಗುರುತಿನ ಚೀಟಿ ಮಾಡಿಸುವ ಅರ್ಜಿಗಳನ್ನು ಅಲ್ಲೇ ಕೂತು ತುಂಬುತ್ತೇನೆ. ಎಳೆಯ ಚೇಲಾಗಳು ಬಾವುಟ ಈ ಸಲ ಹೊರಗೇ ಇರಲಿ ಎನ್ನುತ್ತಾರೆ, ಹಿರಿಯಳು ಇನ್ನೂ ಒಪ್ಪಿಲ್ಲ. ಬಾಡಿಗೆ ಕರಾರು ನನ್ನ ಹೆಸರಿಗಿದೆ. ಆ ವಾದದಲ್ಲಿ ನನಗೆ ಮತವಿಲ್ಲ.